ಸಾರ್ವಜನಿಕ ಹಣ ಮತ್ತು ಲೆಕ್ಕದ ಹೊಣೆ

ಸಂಸ್ಥಾನಗಳ ಆಡಳಿತವನ್ನು ಆಯವ್ಯಯದ ಮೊತ್ತದಿಂದಲೇ ಅಳೆಯುವ ಕ್ರಮ ಸಾಲದು. ಎಷ್ಟು ವಸೂಲಾಯಿತೆಂಬುದಕ್ಕಿಂತ ಯಾರಿಗೆ ಲೆಕ್ಕ ಒಪ್ಪಿಸಲಾಯಿತೆಂಬುದೇ ಮುಖ್ಯ. ಜಮಖಂಡಿ, ಮುಧೋಳಗಳ ಕಂದಾಯ ಆಯಾ ಸಂಸ್ಥಾನಕ್ಕೆ, ಬೀಳಗಿಯದು ಮುಂಬಯಿ ಸರಕಾರಕ್ಕೆ ಸಲ್ಲುತ್ತಿತ್ತು. ನೆರೆಯೂರುಗಳಾದರೂ ರಬಕವಿಯದು ಸಾಂಗಲಿಗೆ, ಬನಹಟ್ಟಿಯದು ಜಮಖಂಡಿಗೆ. 1948ರ ವಿಲೀನ ಇವೆಲ್ಲವನ್ನೂ ಮುಂಬಯಿ ಸರಕಾರದಡಿ, 1956ರ ಏಕೀಕರಣ ಮೈಸೂರು ರಾಜ್ಯದಡಿ ತಂದಿತು. ಆದರೆ ಮೂಲಭೂತ ಪಲ್ಲಟ 1950ರ ಸಂವಿಧಾನದ್ದು. 266ನೆಯ ವಿಧಿಯಂತೆ ರಾಜ್ಯದ ಆದಾಯ ಸಂಚಿತ ನಿಧಿಗೆ ಸೇರಬೇಕು. ಕಾನೂನಿನ ಆಧಾರವಿಲ್ಲದೆ ಅದರಿಂದ ಬಿಡಿಗಾಸನ್ನೂ ತೆಗೆಯಲಾಗದು. ಹೀಗಾಗಿ ವಸೂಲು ಮಾಡಿದ ಕಚೇರಿಗೆ ಆ ಹಣದ ಮೇಲೆ ಒಡೆತನವಿಲ್ಲ. 151ನೆಯ ವಿಧಿಯಂತೆ ಲೆಕ್ಕಪರಿಶೋಧನೆಯ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲವನ್ನು ಸೇರುತ್ತದೆ. ಆದರೂ ಅದು ತೆರಿಗೆ ತೆತ್ತ ಊರಿನ ಚರ್ಚೆಗೆ ಇಳಿಯುವುದು ವಿರಳ. ತೆತ್ತವನ ರಸೀದಿಯನ್ನೂ ಖಜಾನೆಯ ಚಲನನ್ನೂ ಜೊತೆಗಿಟ್ಟು ಓದಿದಾಗಲೇ ಈ ಪ್ರದೇಶದ ಆಡಳಿತೇತಿಹಾಸ ಪೂರ್ಣವಾದೀತು.