ವಾಲಿದ ಚಕ್ರ

ಕಾರಿನ ಫೋಟೊ ಎಂದರೆ ಕಾರು ಪೂರ್ತಿ ಕಾಣಬೇಕು, ಚಕ್ರ ದುಂಡಗಿರಬೇಕು, ಹಿಂದೆ ನಿಂತ ಜನ ನೆಟ್ಟಗಿರಬೇಕು. ಇಷ್ಟಾದರೂ ಇರಲಿ ಎಂದು ಯಾರಾದರೂ ಬಯಸುತ್ತಾರೆ. ಆದರೆ ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ತೆಗೆದ, 1912ರ ಗ್ರ್ಯಾಂಡ್ ಪ್ರಿ ಪಂದ್ಯದ್ದೆಂದು ಹೆಸರಾದ ಚಿತ್ರದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಕಾರಿನ ಮೂತಿ ಚೌಕಟ್ಟಿನ ಬಲ ಅಂಚಿನಲ್ಲಿ ತುಂಡಾಗಿ ಹೋಗಿದೆ. ಹಿಂದಿನ ಚಕ್ರ ಮೊಟ್ಟೆಯಾಕಾರ ತಾಳಿ ಮುಂದಕ್ಕೆ ವಾಲಿದೆ. ರಸ್ತೆ ಬದಿಯ ಪ್ರೇಕ್ಷಕರು ಗಾಳಿಗೆ ಸಿಕ್ಕ ಪೈರಿನಂತೆ ಅದಕ್ಕೆ ವಿರುದ್ಧ ದಿಕ್ಕಿಗೆ ಬಾಗಿದ್ದಾರೆ. ಸ್ಪಷ್ಟವಾಗಿ ಓದಲು ಸಿಗುವುದು ಕಾರಿನ ಮೇಲೆ ಬರೆದ 6 ಎಂಬ ಅಂಕಿಯೊಂದೇ.

1894ರಲ್ಲಿ ಹುಟ್ಟಿದ ಲಾರ್ತಿಗ್‌ಗೆ ಆಗಿನ್ನೂ ಎಳೆಯ ಪ್ರಾಯ. ಅವನ ಕ್ಯಾಮೆರಾದ ಶಟರ್ ಒಂದು ಪರದೆ, ಅದರಲ್ಲೊಂದು ಸೀಳು. ಆ ಸೀಳು ಗಾಜಿನ ಫಲಕದ ಮುಂದೆ ಹಾದುಹೋಗುವಾಗ ಚಿತ್ರದ ಎಲ್ಲ ಭಾಗಗಳಿಗೂ ಒಂದೇ ಹೊತ್ತಿಗೆ ಬೆಳಕು ಬೀಳುವುದಿಲ್ಲ. ಚಕ್ರದ ಬುಡ ಮೊದಲು ಅಚ್ಚಾಯಿತು. ಸೀಳು ಚಕ್ರದ ನೆತ್ತಿಗೆ ಬರುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಹಾಗಾಗಿ ಚಕ್ರ ವಾಲಿತು. ಹುಡುಗ ಕಾರಿನ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸುತ್ತಿದ್ದನಲ್ಲ, ಅದಕ್ಕೇ ನಿಂತ ಜನ ಹಿಂದಕ್ಕೆ ವಾಲಿದರು. ಅವನು ಕಾರಿನಷ್ಟೇ ವೇಗದಲ್ಲಿ ತಿರುಗಿಸಿದ್ದರೆ ಚಕ್ರವಾದರೂ ನೆಟ್ಟಗಿರುತ್ತಿತ್ತು, ಮೂತಿಯೂ ಸಿಗುತ್ತಿತ್ತು. ಅವನ ಕೈ ಸೋತಿತು.

ತೆಗೆದವನ ಕಣ್ಣಿಗೂ ಅದು ಕೆಟ್ಟ ಚಿತ್ರವೇ. ದಶಕಗಳ ಕಾಲ ಅದು ಮೂಲೆಯಲ್ಲಿ ಬಿದ್ದಿತ್ತು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಜಾನ್ ಝಾರ್ಕೋವ್‌ಸ್ಕಿ ಲಾರ್ತಿಗ್‌ನ ಚಿತ್ರಗಳ ಪ್ರದರ್ಶನ ಏರ್ಪಡಿಸಿದಾಗ ಆತನಿಗೆ ಅರವತ್ತೊಂಬತ್ತು ವರ್ಷ. ಆಮೇಲೆ ಈ ಚಿತ್ರ ಛಾಯಾಗ್ರಹಣದ ಚರಿತ್ರೆಯ ಪುಸ್ತಕಗಳಲ್ಲಿ ಖಾಯಂ ಜಾಗ ಹಿಡಿಯಿತು. ಈ ನಡುವೆ ಜನರ ಕಣ್ಣು ಬದಲಾಗಿತ್ತು. ವೇಗವೆಂದರೆ ಹೀಗೇ ಕಾಣುತ್ತದೆ ಎಂದು ವ್ಯಂಗ್ಯಚಿತ್ರಗಳು ಅದಕ್ಕೆ ಕಲಿಸಿಬಿಟ್ಟಿದ್ದವು.

ಈಗ ಈ ಚಿತ್ರವನ್ನು ನಮ್ಮ ಊರಿನ ಯಾವುದೇ ಸ್ಟುಡಿಯೋದ ಹುಡುಗನ ಕೈಗೆ ಕೊಡಿ. ಸರಿಮಾಡು ಅನ್ನಿ. ಅವನು ಕಾರನ್ನು ಬೇರೆ, ಜನರನ್ನು ಬೇರೆ ಆಯ್ದು, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಎಳೆಯುತ್ತಾನೆ. ಚಕ್ರ ದುಂಡಗಾಗುತ್ತದೆ. 2002ರಲ್ಲಿ ಫೋಟೊಶಾಪ್‌ಗೆ ಬಂದ ಹೀಲಿಂಗ್ ಬ್ರಶ್‌ನಿಂದ ಗೀರು, ಚುಕ್ಕೆ ಅಳಿಯುತ್ತವೆ. 2010ರಲ್ಲಿ ಬಂದ ಸೌಲಭ್ಯ ಅಳಿಸಿದ ಜಾಗಕ್ಕೆ ಸುತ್ತಲಿನ ಮಣ್ಣು, ಹುಲ್ಲು ನೋಡಿ ತಾನೇ ತೇಪೆ ಹಾಕುತ್ತದೆ. 2023ರಲ್ಲಿ ಬಂದದ್ದು ಇನ್ನೂ ಒಂದು ಹೆಜ್ಜೆ ಮುಂದೆ: ಚೌಕಟ್ಟಿನ ಆಚೆಗೆ ಇಲ್ಲದ ಕಾರಿನ ಮೂತಿಯನ್ನೂ ಬರೆದು ಕೂಡಿಸುತ್ತದೆ.

ಯಾವ ಕಾರಿನ ಮೂತಿ? ಇದು ದಲಾಜ್ ಕಂಪೆನಿಯ ಕಾರು ಎಂದು ಬಹಳ ಕಾಲ ನಂಬಲಾಗಿತ್ತು. ಬಲ್ಲವರು ಆಮೇಲೆ ಅದನ್ನು ತಿಯೊಡೋರ್ ಶ್ನೈಡರ್ ಎಂದು ಗುರುತಿಸಿದರು. ಚಿತ್ರ ತುಂಡಾಗಿದ್ದರಿಂದಲೇ ಆ ಪ್ರಶ್ನೆ ಬದುಕಿತ್ತು, ಹುಡುಕುವವರೂ ಇದ್ದರು. ತಂತ್ರಾಂಶ ಬರೆಯುವ ಮೂತಿ ಬಹುಶಃ ಈ ಎರಡೂ ಕಾರುಗಳದ್ದಾಗಿರುವುದಿಲ್ಲ. ಆದರೆ ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿರುತ್ತದೆ ಎಂದರೆ ಕೇಳಬೇಕೆಂದೇ ಯಾರಿಗೂ ಅನ್ನಿಸುವುದಿಲ್ಲ. ಉಳಿಯುವುದು ಮಣ್ಣಿನ ರಸ್ತೆಯಲ್ಲಿ ನಿಂತಂತೆ ಕಾಣುವ ಒಂದು ಹಳೆಯ ಕಾರು, ಅದರಲ್ಲಿ ಕುಳಿತ ಇಬ್ಬರು ಗಂಡಸರು.

ಇದನ್ನು ಹೇಳಿದಾಕ್ಷಣ ಫೋಟೊ ತಿದ್ದುವುದೇ ಪಾಪ ಎನ್ನುವವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಕಂಪ್ಯೂಟರ್ ಬರುವ ಮೊದಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಗಳ ಮೊಡವೆ ಮರೆಸುವ ಕಲಾವಿದರಿದ್ದರು. ಅಮೆರಿಕದ ಪಾಂಟಿಯಾಕ್ ಕಾರಿನ ಜಾಹೀರಾತುಗಳನ್ನು 1959ರಿಂದ ಹತ್ತು ಹನ್ನೆರಡು ವರ್ಷ ಆರ್ಟ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ವ್ಯಾನ್ ಕಾಫ್‌ಮನ್ ಕೈಯಲ್ಲೇ ಬರೆದರು. ಅವರ ಕಾರು ನಿಜವಾದ ಕಾರಿಗಿಂತ ಅಗಲ, ರಸ್ತೆಗೆ ಇನ್ನೂ ಹತ್ತಿರ. ಆದರೆ ಅದು ಬಣ್ಣದಲ್ಲಿ ಬರೆದ ಚಿತ್ರವೆಂದು ನೋಡಿದ ಮಗುವಿಗೂ ಗೊತ್ತು. ಇವತ್ತಿನ ಕ್ಯಾಟಲಾಗ್‌ನ ಹಲವು ಕಾರುಗಳು ಕ್ಯಾಮೆರಾದ ಮುಂದೆ ನಿಂತೇ ಇಲ್ಲ. ವಿನ್ಯಾಸದ ಲೆಕ್ಕಗಳಿಂದ ಕಂಪ್ಯೂಟರಿನೊಳಗೇ ಹುಟ್ಟಿದವು. ಅವು ಮಾತ್ರ ಫೋಟೊದ ವೇಷ ಹಾಕಿಕೊಂಡು ಬರುತ್ತವೆ.

ಫೋಟೊದ ತಪ್ಪು ಬೇರೆ, ಕಾರಿನ ತಪ್ಪು ಬೇರೆ. ಮಾರಾಟಕ್ಕಿಟ್ಟ ಹಳೆಯ ಕಾರಿನ ಚಿತ್ರ ಮಬ್ಬಾಗಿದ್ದರೆ ಬೆಳಗಿಸಲಿ, ಬಾನೆಟ್ ಮೇಲೆ ಬಿದ್ದ ಫೋಟೊಗ್ರಾಫರನ ನೆರಳನ್ನು ಒರೆಸಲಿ, ಯಾರ ಗಂಟೂ ಹೋಗದು. ಬಾಗಿಲಿನ ನೆಗ್ಗನ್ನು ಒರೆಸಿದರೆ? ಟಿಂಕರಿಂಗ್ ಮಾಡುವವನು ದಿನವಿಡೀ ಸುತ್ತಿಗೆ ಹಿಡಿದು ತಟ್ಟಬೇಕಾದ್ದನ್ನು ಮೌಸ್ ಹಿಡಿದವನು ಎರಡು ಚಿಟಿಕೆಯಲ್ಲಿ ಮುಗಿಸುತ್ತಾನೆ. ಆ ನೆಗ್ಗಿಗೆ ದುಡ್ಡು ತೆರುವವನು ಮಾತ್ರ ಬೇರೆ ಊರಿನಿಂದ ಮುಂಗಡ ಕಳಿಸಿದ ಮನುಷ್ಯ. ಎರಡೂ ಕೆಲಸಕ್ಕೆ ಬಳಸುವ ಬ್ರಶ್ ಒಂದೇ. ಅದಕ್ಕೆ ಗೀರು ಗಾಜಿನದೋ ಕಾರಿನದೋ ಗೊತ್ತಿಲ್ಲ. ಗೊತ್ತಿರಬೇಕಾದವನು ಹಿಡಿದವನು.

ಉರ್ದುವಿನಲ್ಲಿ ಐಬ್ ಮತ್ತು ಹುನರ್ ಜೋಡಿ ಪದಗಳು. ಐಬ್ ಅಂದರೆ ಕುಂದು, ಹುನರ್ ಅಂದರೆ ಕಸುಬುದಾರಿಕೆ. ಐಬು ಕನ್ನಡದಲ್ಲೂ ಅದೇ ಅರ್ಥದಲ್ಲಿ ನೆಮ್ಮದಿಯಾಗಿದೆ. ಹುನರ್‌ನ ನಾದವನ್ನೇ ನೆನಪಿಸುವ ನಮ್ಮ ‘ಹುನ್ನಾರ’ಕ್ಕೆ ಮಾತ್ರ ಸಂಚು ಎಂಬ ಅರ್ಥ. ಐಬು ಮುಚ್ಚುವ ಕೈಚಳಕ ಎಲ್ಲಿಯವರೆಗೆ ಹುನರು, ಎಲ್ಲಿಂದ ಹುನ್ನಾರ ಎಂಬುದಕ್ಕೆ ಯಾವ ತಂತ್ರಾಂಶದಲ್ಲೂ ಗುಂಡಿಯಿಲ್ಲ.

ಲಾರ್ತಿಗ್‌ನ ಚಿತ್ರ ಈ ವಿಂಗಡಣೆಗೂ ಸಿಗದು. ವಾಲಿಕೆ ಕಾರಿನದಲ್ಲ, ಶಟರಿನದು. ಹಾಗಾದರೆ ಅದು ತಿದ್ದಬಹುದಾದ ಐಬೇ ಆಗಬೇಕಿತ್ತು. ಆದರೆ ಕಾರು ಅಷ್ಟು ಜೋರಾಗಿ ಓಡದಿದ್ದರೆ ಶಟರ್ ಸೋಲುತ್ತಿರಲಿಲ್ಲ. ಯಂತ್ರವೊಂದು ಇನ್ನೊಂದು ಯಂತ್ರಕ್ಕೆ ಸೋತ ದಾಖಲೆ ಅದು. ಕಥೆ ಬರೆಯುವವರಿಗೆ ಇದು ಅಪರಿಚಿತವಲ್ಲ. ಪಾತ್ರ ಸಿಟ್ಟಿನಲ್ಲಿ ಅರ್ಧಕ್ಕೇ ಬಿಟ್ಟ ವಾಕ್ಯವನ್ನು ಕರಡು ತಿದ್ದುವವರು ವ್ಯಾಕರಣಬದ್ಧವಾಗಿ ಪೂರ್ತಿ ಮಾಡಿಕೊಟ್ಟರೆ ವಾಕ್ಯ ಸರಿಯಾಗುತ್ತದೆ, ಸಿಟ್ಟು ಹೋಗುತ್ತದೆ.

ನಮ್ಮಲ್ಲಿ ಇಂಥ ಐಬುಗಳನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡವರು ರಘುಬೀರ್ ಸಿಂಗ್. 1999ರಲ್ಲಿ ತೀರಿಕೊಂಡ ಅವರ ‘ಎ ವೇ ಇನ್‌ಟು ಇಂಡಿಯಾ’ 2002ರಲ್ಲಿ ಹೊರಬಂತು. ಪುಸ್ತಕದ ತುಂಬ ಅಂಬಾಸಡರ್ ಕಾರು. ಆದರೆ ಕಾರಿನ ಅಂದ ತೋರಿಸುವುದು ಅವರ ಉದ್ದೇಶವಲ್ಲ. ತೆರೆದ ಬಾಗಿಲು, ಕಿಟಕಿಯ ಚೌಕಟ್ಟು, ಕನ್ನಡಿ ಅಡ್ಡ ಬಂದು ಹೊರಗಿನ ರಸ್ತೆಯನ್ನು, ಜನರನ್ನು ಹೋಳು ಮಾಡುತ್ತವೆ. ಅಡ್ಡ ಬಂದದ್ದನ್ನು ಅಳಿಸಲೇ ಎಂದು ಇವತ್ತಿನ ಫೋನು ಕೇಳುತ್ತದೆ. ಹೂಂ ಅಂದರೆ ಆ ಪುಸ್ತಕದಿಂದ ಮೊದಲು ಮಾಯವಾಗುವುದು ಕಾರೇ. ಅಂಬಾಸಡರ್ ತಯಾರಿಕೆ 2014ರಲ್ಲಿ ಉತ್ತರಪಾಡಾದಲ್ಲಿ ನಿಂತಿತು. ಸಿಂಗ್ ಅವರ ಚಿತ್ರಗಳಲ್ಲಿ ಅದರ ಬಾಗಿಲು ಇನ್ನೂ ದೃಶ್ಯಕ್ಕೆ ಅಡ್ಡವಾಗಿಯೇ ಇದೆ.