ಸ್ಟೌಟ್ ಪೀಪಾಯಿಯಲ್ಲಿ ಮೂರು ತಿಂಗಳು

ಬರ್ಬನ್ ವಿಸ್ಕಿಯ ವಿಷಯದಲ್ಲಿ ಅಮೆರಿಕದ ಕಾನೂನು ಬಲು ಕಟ್ಟುನಿಟ್ಟು. ಬಳಸುವ ಧಾನ್ಯದಲ್ಲಿ ಶೇ 51ರಷ್ಟಾದರೂ ಮೆಕ್ಕೆಜೋಳ ಇರಬೇಕು. ಪೀಪಾಯಿಗೆ ಸುರಿಯುವಾಗ ಆಲ್ಕೋಹಾಲ್ ಶೇ 62.5 ದಾಟಬಾರದು. ಪೀಪಾಯಿಯಾದರೂ ಒಳಮೈ ಸುಟ್ಟು ಕಪ್ಪಾಗಿಸಿದ ಹೊಚ್ಚ ಹೊಸ ಓಕ್‌ನದೇ ಆಗಿರಬೇಕು; ಒಮ್ಮೆ ಬಳಸಿದ್ದಕ್ಕೆ ಹಸಿ ಮದ್ಯ ತುಂಬಿ ಬರ್ಬನ್ ಮಾಡುವಂತಿಲ್ಲ. ಹೀಗಾಗಿ ಕೆಂಟಕಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿರುವ ಪೀಪಾಯಿಗಳು ಪ್ರತಿ ವರ್ಷ ರಾಶಿ ರಾಶಿ ಖಾಲಿಯಾಗಿ ಹೊರಬೀಳುತ್ತವೆ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ವಿಸ್ಕಿಯವರು ಅವನ್ನು ಕೊಳ್ಳುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯ ಸಿಂಗಲ್ ಮಾಲ್ಟ್‌ಗಳೂ ಇಂಥ ಪೀಪಾಯಿಗಳಲ್ಲಿ ಮಾಗುತ್ತವೆ.

ಬಿಯರ್ ತಯಾರಕರ ಕಣ್ಣು ಇವುಗಳ ಮೇಲೆ ಬಿದ್ದದ್ದು ಸ್ವಲ್ಪ ತಡವಾಗಿ. 1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲೆಂಡ್ ಬ್ರೂವರಿಯಲ್ಲಿದ್ದ ಗ್ರೆಗ್ ಹಾಲ್, ಜಿಮ್ ಬೀಮ್ ಬರ್ಬನ್‌ನ ಖಾಲಿ ಪೀಪಾಯಿಗಳಿಗೆ ಸ್ಟೌಟ್ ಎಂಬ ಕಡುಗಪ್ಪು ಬಿಯರ್ ತುಂಬಿಸಿಟ್ಟರು. ಅಲ್ಲಿಂದ ಮುಂದೆ ಅದೊಂದು ಹುಚ್ಚೇ ಆಯಿತು. ಮಿಷಿಗನ್‌ನ ಹಾಲೆಂಡ್ ಎಂಬ ಊರಿನ ನ್ಯೂ ಹಾಲೆಂಡ್ ಕಂಪನಿಯ ‘ಡ್ರ್ಯಾಗನ್ಸ್ ಮಿಲ್ಕ್’ ಕೂಡ ಇದೇ ವಂಶದ್ದು. ಶೇ 11ರ ಆಲ್ಕೋಹಾಲ್ ಇರುವ ಈ ಸ್ಟೌಟ್, ಬರ್ಬನ್ ಪೀಪಾಯಿಯಲ್ಲಿ ಸುಮಾರು ಮೂರು ತಿಂಗಳು ಕೂತು ಬಾಟಲಿ ಸೇರುತ್ತದೆ.

ಕಂಪನಿ ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟೌಟ್ ತೆಗೆದ ಪೀಪಾಯಿಗೆ ಮತ್ತೆ ಬರ್ಬನ್ ಸುರಿಯಿತು. ಹೊಸ ಓಕ್‌ನಲ್ಲಿ ಕ್ರಮವಾಗಿ ಮಾಗಿದ ಬರ್ಬನ್, ಸ್ಟೌಟ್‌ನ ವಾಸನೆ ಹಿಡಿದ ಮರದಲ್ಲಿ ಇನ್ನೂ ಮೂರು ತಿಂಗಳು ಕಳೆದು ‘ಬಿಯರ್ ಬ್ಯಾರೆಲ್ ಬರ್ಬನ್’ ಆಗಿ ಹೊರಬರುತ್ತದೆ.

ಬರ್ಬನ್‌ಗೆ ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. ಆದರೆ ಓಕ್ ಹಲಗೆ ತನ್ನಲ್ಲಿದ್ದ ದ್ರವವನ್ನು ಹೀರಿಕೊಂಡೇ ಇರುತ್ತದೆ. ಪೀಪಾಯಿಯನ್ನು ಎಷ್ಟೇ ಬೋರಲು ಹಾಕಿದರೂ ಒಂದಿಷ್ಟು ಬಿಯರ್ ಮರದೊಳಗೇ ಉಳಿಯುತ್ತದೆ. ಆಮೇಲೆ ಸುರಿದ ವಿಸ್ಕಿ ಅದನ್ನು ಸೆಳೆದುಕೊಳ್ಳುತ್ತದೆ. ಮಾಗಿಸುವಿಕೆ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ನೇರವಾಗಿ ಬೆರಕೆಯೇ. ಎರಡನೇ ಪೀಪಾಯಿಯ ಸಂಗತಿಯನ್ನು ಲೇಬಲ್‌ನಲ್ಲಿ ಹೇಳಿಬಿಟ್ಟರೆ ಕಾನೂನಿಗೆ ಇದರಿಂದ ತಕರಾರಿಲ್ಲ. ಕುಡಿಯುವವರಿಗೂ ಇರಬೇಕಿಲ್ಲ.

ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ಬಿಯರ್ ಬ್ಯಾರೆಲ್ ಬರ್ಬನ್ ಒಳ್ಳೆಯ ಭರವಸೆಯನ್ನೇ ಕೊಡುತ್ತದೆ. ಮೊದಲು ವೆನಿಲ್ಲಾ, ಕ್ಯಾರಮೆಲ್. ಅದು ಯಾವ ಬರ್ಬನ್‌ನಲ್ಲೂ ಇದ್ದದ್ದೇ. ಐದು ನಿಮಿಷ ಬಿಟ್ಟು ಮತ್ತೆ ಮೂಸಿದರೆ ಅದರ ಹಿಂದಿನಿಂದ ಹುರಿದ ಬಾರ್ಲಿ, ಕೋಕೋ, ತುಸು ಕಾಕಂಬಿ ಮೇಲೆದ್ದು ಬರುತ್ತವೆ. ಗುಟುಕು ಬಾಯಿಗೆ ಬಿದ್ದಾಗ ಸಿಹಿ ಮುಂದೆ, ಮಾಲ್ಟ್ ಹಿಂದೆ. ಘಾಟು ಕಡಿಮೆ. ನಾಲಿಗೆಯ ಬುಡದಲ್ಲಿ ಸುಟ್ಟ ಮರದ ಸಣ್ಣ ಒಗರು ತಟ್ಟಿ, ಅದು ನೆಲೆಯೂರುವ ಮೊದಲೇ ಎಲ್ಲವೂ ಮುಗಿದುಹೋಗುತ್ತದೆ. ಎರಡನೇ ಡಿಕಾಕ್ಷನ್‌ನ ಕಾಫಿಯ ಹಾಗೆ ಪರಿಮಳ ಉಂಟು, ಮೈ ಇಲ್ಲ.

ತಪ್ಪು ಸ್ಟೌಟ್‌ನದಲ್ಲ. ಬಾಟಲಿಯಲ್ಲಿರುವ ಆಲ್ಕೋಹಾಲ್ ಶೇ 40. ಕಾನೂನು ಒಪ್ಪುವ ಕನಿಷ್ಠ ಮಟ್ಟ. ಆ ಮಟ್ಟಕ್ಕೆ ಇಳಿಸಲು ನೀರು ಬೆರೆಸಿದಾಗ ಮೊದಲು ಸೊರಗುವುದು ಇಂಥ ಸೂಕ್ಷ್ಮ ರುಚಿಗಳೇ.

ಹಾಗಾದರೆ ಶೇ 40ರದೇ ಆದ ಜೇಮ್ಸನ್ ಕ್ಯಾಸ್ಕ್‌ಮೇಟ್ಸ್ ಸ್ಟೌಟ್ ಎಡಿಷನ್ ಏಕೆ ಹೆಚ್ಚು ಒಪ್ಪುತ್ತದೆ? ಅದನ್ನು ತಯಾರಿಸುವ ಐರ್ಲೆಂಡ್‌ನ ಮಿಡಲ್ಟನ್ ಡಿಸ್ಟಿಲರಿ ತನ್ನ ಪೀಪಾಯಿಗಳನ್ನು ಕಾರ್ಕ್ ನಗರದ ಫ್ರಾನ್ಸಿಸ್ಕನ್ ವೆಲ್ ಬ್ರೂವರಿಗೆ ಕೊಟ್ಟು, ಅವರು ಅವುಗಳಲ್ಲಿ ಸ್ಟೌಟ್ ಇಟ್ಟು ತೆಗೆದ ಮೇಲೆ ವಾಪಸು ಪಡೆದು ವಿಸ್ಕಿ ತುಂಬಿತು. ಜೇಮ್ಸನ್ ಮೂರು ಸಲ ಬಟ್ಟಿ ಇಳಿಸಿದ ಹಗುರ ವಿಸ್ಕಿ. ಅಂಥದ್ದರ ಮೇಲೆ ಕಾಫಿ, ಚಾಕೊಲೆಟ್‌ನ ಎಳೆ ತಕ್ಷಣ ಎದ್ದು ಕಾಣುತ್ತದೆ. ಬರ್ಬನ್ ಹಾಗಲ್ಲ. ಹೊಸ ಓಕ್‌ನಿಂದಲೇ ಸುಟ್ಟ ಸಕ್ಕರೆ, ವೆನಿಲ್ಲಾಗಳನ್ನು ಧಾರಾಳವಾಗಿ ಪಡೆದು ಬಂದಿರುತ್ತದೆ. ಸಾಲದ್ದಕ್ಕೆ ಡ್ರ್ಯಾಗನ್ಸ್ ಮಿಲ್ಕ್ ಸ್ಟೌಟ್ ಕೂಡ ಬರ್ಬನ್ ಪೀಪಾಯಿಯಲ್ಲಿ ಬೆಳೆದದ್ದು. ತನ್ನ ಜೊತೆ ತರುವುದರಲ್ಲಿ ಅರ್ಧ ಆಗಲೇ ಮನೆಯಲ್ಲಿದೆ. ಹೊಸದಾಗಿ ಸೇರುವುದು ಹುರಿದ ಮಾಲ್ಟ್ ಮಾತ್ರ. ಅದಕ್ಕೂ ನೀರು ಹೊಯ್ದರೆ ಉಳಿಯುವುದೇನು?

ಪೀಪಾಯಿಯಲ್ಲಿ ಇನ್ನೂ ಹೆಚ್ಚು ಕಾಲ ಇಡಬೇಕಿತ್ತು ಎನ್ನುವ ಸಲಹೆ ಸುಲಭ, ಆದರೆ ಸರಿಯಲ್ಲ. ಸ್ಟೌಟ್‌ನ ಕಹಿ, ಹಳೇ ಬಿಯರ್‌ನ ಹುಳಿ ವಾಸನೆ ಮೇಲುಗೈ ಪಡೆದರೆ ಬರ್ಬನ್ ಕೆಟ್ಟೇ ಹೋದೀತು. ಮೂರು ತಿಂಗಳೇ ಇರಲಿ, ಶೇ 48ಕ್ಕೋ 50ಕ್ಕೋ ಬಾಟಲಿಗಿಳಿಸಲಿ. ನೀರು ಬೇಕಾದವರು ತಾವೇ ಬೆರೆಸಿಕೊಳ್ಳುತ್ತಾರೆ.

ಈಗಿರುವಂತೆ ಇದು ಬರ್ಬನ್‌ಗೆ ಹೊಸಬರಾದವರಿಗೆ ಹೇಳಿ ಮಾಡಿಸಿದ ಪಾನೀಯ. ಘಾಟಿಗೆ ಹೆದರಿ ದೂರ ಉಳಿದವರೂ ಒಂದು ಪೆಗ್ ನಿರಾಳವಾಗಿ ಮುಗಿಸಬಹುದು. ಐಸ್ ಮಾತ್ರ ಬೇಡ, ಇರುವ ಮಾಲ್ಟ್‌ನ ಎಳೆಯೂ ಅದರಲ್ಲಿ ಮುಳುಗಿಹೋಗುತ್ತದೆ. ಓಲ್ಡ್ ಫ್ಯಾಷನ್ಡ್ ಕಾಕ್‌ಟೇಲ್ ಬೆರೆಸುವವರು ಸಕ್ಕರೆಯನ್ನು ಅರ್ಧಕ್ಕಿಳಿಸಿ, ಬಿಟರ್ಸ್ ಒಂದು ತೊಟ್ಟು ಹೆಚ್ಚು ಹಾಕಿದರೆ ಒಳಗೆ ಅಡಗಿರುವ ಕೋಕೋ ಸ್ವಲ್ಪ ಹೊರಗೆ ಬರುತ್ತದೆ.