ಅಳುವುದೂ ಲೆಕ್ಕ ಕೇಳುವುದೂ: ನಮ್ಮ ಹಟ್ಟಿಯ ಓದುಗರು

1

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ತಿಪಟೂರು ಕಡೆಯ ಒಂದು ಕಾಲೇಜಿಗೆ ಕನ್ನಡ ಪಾಠ ಮಾಡಲು ಸೇರಿದ ಮೊದಲ ವರ್ಷ ಕಿರುಪರೀಕ್ಷೆಯಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ದ ಮೇಲೆ ಪ್ರಶ್ನೆ ಕೊಟ್ಟಿದ್ದೆ. ಪ್ರಾಣೇಶಾಚಾರ್ಯರ ಬಿಕ್ಕಟ್ಟನ್ನು ವಿವರಿಸಿ ಅಂತ. ಎಲ್ಲರೂ ಗೈಡಿನಲ್ಲಿದ್ದುದನ್ನು ಬರೆದರು. ಒಬ್ಬ ಹುಡುಗ ಮಾತ್ರ ಬೇರೆ ಬರೆದ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಹೇಗೆ ಮಾಡುವುದು ಅಂತ ಗ್ರಂಥ ಹುಡುಕುತ್ತಾರೆ, ಅದೇ ಹೊತ್ತಿಗೆ ಬೆಳ್ಳಿಯ ಅಪ್ಪ ಅವ್ವ ಸತ್ತರೆ ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ, ಅದಕ್ಕೆ ಯಾವ ಗ್ರಂಥವನ್ನೂ ಯಾರೂ ತೆರೆಯುವುದಿಲ್ಲ, ಹಾಗಾದರೆ ಬಿಕ್ಕಟ್ಟು ಯಾರದು ಸಾರ್ ಅಂತ ನನ್ನನ್ನೇ ಕೇಳಿದ್ದ. ನಾನು ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು ಹತ್ತಕ್ಕೆ ಮೂರು ಕೊಟ್ಟೆ.

ಆ ಹುಡುಗ ನಮ್ಮವನೇ. ಅವನಿಗೆ ಅಂಕ ಕೊಟ್ಟ ಮೇಷ್ಟ್ರೂ ಹಟ್ಟಿಯಿಂದ ಬಂದವನೇ. ನಾಚಿಕೆಯ ಸಂಗತಿ ಅಷ್ಟೇ ಅಲ್ಲ. ಅದೇ ಪ್ರಶ್ನೆಯನ್ನು ಅದಕ್ಕೂ ಮೊದಲೇ ನನ್ನ ಅವ್ವ ಕೇಳಿದ್ದಳು. ಅವಳಿಗೂ ನಾನು ಉತ್ತರ ಕೊಟ್ಟಿರಲಿಲ್ಲ. ದಲಿತ ವಿಮರ್ಶೆ ಅಂದರೇನು ಎಂದು ಈ ಸಂಚಿಕೆ ಕೇಳುತ್ತಿರುವಾಗ ನನಗೆ ಮೊದಲು ನೆನಪಾಗುವುದು ಅವ್ವನ ಪ್ರಶ್ನೆ ಮತ್ತು ನನ್ನ ಕೆಂಪು ಶಾಯಿ.

2

2020ರ ಲಾಕ್‌ಡೌನಿನಲ್ಲಿ ಹಾಸ್ಟೆಲ್ ಮುಚ್ಚಿದಾಗ ಎಂ.ಎ. ಪುಸ್ತಕಗಳನ್ನು ಒಂದು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಊರಿಗೆ ಬಂದೆ. ನಮ್ಮ ಹಟ್ಟಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು, ತುರುವೇಕೆರೆ ಗಡಿಗೆ ಹತ್ತಿರ. ಸುತ್ತ ತೆಂಗಿನ ತೋಟ, ತೋಟ ನಮ್ಮದಲ್ಲ. ಕಾಯಿ ಕೆಡವುವ, ಸುಲಿಯುವ, ಹೊರುವ ಕೂಲಿ ಮಾತ್ರ ನಮ್ಮದು. ಆ ಕೂಲಿಯೂ ನಿಂತಿತ್ತು. ಸಂಜೆ ದೊಡ್ಡಪ್ಪನ ಮನೆ ಜಗುಲಿಯ ಮುಂದೆ, ಬೀದಿದೀಪದ ಕೆಳಗೆ, ಹೊತ್ತು ಹೋಗದೆ ಓದಲು ಶುರು ಮಾಡಿದೆ.

ಕೇಳುವವರು ಏಳೆಂಟು ಜನ. ಅವ್ವನಿಗೆ ಅಕ್ಷರ ಬರುವುದಿಲ್ಲ. ದೊಡ್ಡಪ್ಪ ನಾಲ್ಕನೇ ಕ್ಲಾಸು, ಆದರೆ ವಯಸ್ಸಿನಲ್ಲಿ 'ಕುರುಕ್ಷೇತ್ರ' ನಾಟಕದ ಶಕುನಿ. ಈಗಲೂ ಕಂದಗಳು ಬಾಯಲ್ಲಿವೆ. ಚಿಗವ್ವ ಏಳನೇ ಕ್ಲಾಸು ಓದಿದವಳು, ತಿಪಟೂರಿನ ಒಂದು ಕಾಯಿಪುಡಿ ಫ್ಯಾಕ್ಟರಿಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ. ಪಂಚಾಯ್ತಿ ಲೈಬ್ರರಿಯಿಂದ ಅವಳು ತಂದು ವಾಪಸು ಕೊಡದೇ ಉಳಿದಿದ್ದ ತ್ರಿವೇಣಿಯವರ 'ಶರಪಂಜರ' ಕೂಡ ಆ ಜಗುಲಿಯ ಮೇಲೆ ನನ್ನ ಪಠ್ಯಪುಸ್ತಕಗಳ ಜೊತೆ ಸೇರಿತು. ಯಾವ ಕ್ರಮವೂ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಓದಿದೆ, ಬೇಡ ಅಂದಾಗ ನಿಲ್ಲಿಸಿದೆ.

ಮೊದಲು ಓದಿದ್ದು ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970). ಅದು ನಮ್ಮ ಸೀಮೆಯದೇ ಕಥೆ. ತಿಪಟೂರು, ಚನ್ನರಾಯಪಟ್ಟಣ ಕಡೆಯ ಮಣ್ಣು, ಬರಗಾಲ, ಪ್ಲೇಗು. ಗಂಡ ಕೈಲಾಗದವನಾದಾಗ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಬರೆಯುತ್ತಾಳೆ. ಬೆಳೆದ ಮಕ್ಕಳನ್ನು ಪ್ಲೇಗು ಕೊಂಡೊಯ್ಯುತ್ತದೆ. ಆ ಭಾಗ ಓದಿದ ದಿನ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೊರಗೆ ಇನ್ನೊಂದು ರೋಗ ಓಡಾಡುತ್ತಿದ್ದ ಕಾಲ ಅದು. ನಾನು ಪುಸ್ತಕ ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಅವ್ವ ಕೇಳಿದಳು: "ಅಲ್ಲ ಕಣ್ಲಾ ಮಗ, ಆಯಮ್ಮ ಬರೀತಿದ್ಲಲ್ಲ ಲೆಕ್ಕದ ಪುಸ್ತಕ, ಅದ್ರಾಗೆ ನಮ್ಮ ತಾತನ ತೋಟಿ ಇನಾಮ್ತಿ ಜಮೀನು ಬರ್ದಿದ್ಲಾ?"

ನಗು ಬರುವಂಥ ಪ್ರಶ್ನೆ. ಕಾದಂಬರಿಯ ಪಾತ್ರಕ್ಕೂ ನಮ್ಮ ತಾತನಿಗೂ ಎಲ್ಲಿಯ ಸಂಬಂಧ? ಆದರೆ ಸ್ವಲ್ಪ ನಿಂತು ಯೋಚಿಸಿ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿ ಆ ಇನಾಮು ಭೂಮಿಯನ್ನು ಹುದ್ದೆಯವರಿಗೇ ಮರುಮಂಜೂರು ಮಾಡಲು ಅವಕಾಶ ಕೊಟ್ಟಿತು. ಆಗ ಬೇಕಾಗಿದ್ದು ಲೆಕ್ಕದಲ್ಲಿ ಹೆಸರು. ಊರಿನ ಸಾವು ಸಾರಿದ, ದಂಡೋರ ಹಾಕಿದ ತೋಟಿಯ ಹೆಸರು ಪುಸ್ತಕದಲ್ಲಿ ಇತ್ತೋ ಇಲ್ಲವೋ ಎನ್ನುವುದು ನಮ್ಮ ಪಾಲಿಗೆ ಕಥೆಯ ವಿಷಯವಲ್ಲ, ಊಟದ ವಿಷಯ. ಅವ್ವ ನಂಜಮ್ಮನಿಗಾಗಿ ಅತ್ತದ್ದು ಸುಳ್ಳಲ್ಲ. ಅದೇ ನಂಜಮ್ಮನ ಹತ್ತಿರ ಲೆಕ್ಕ ಕೇಳಿದ್ದೂ ಸುಳ್ಳಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಬಲ್ಲ ಓದುಗಳನ್ನು ನಮ್ಮ ವಿಮರ್ಶೆ ಎಲ್ಲಿ ಕೂರಿಸಿದೆ?

'ಸಂಸ್ಕಾರ' ಓದಿದಾಗಲೂ ಹಾಗೇ. ಚಂದ್ರಿ ತನ್ನ ಬಂಗಾರ ಬಿಚ್ಚಿ ಇಟ್ಟಾಗ ಹೆಂಗಸರೆಲ್ಲ ಲೊಚಗುಟ್ಟಿದರು. ಬೆಳ್ಳಿಯ ಮನೆಯ ಸಾವು ಬಂದಾಗ ಅವ್ವ ತಡೆದಳು: "ಅವ್ರ ಎಣಕ್ಕೆ ಇಷ್ಟು ದಪ್ಪ ಪುಸ್ತಕ, ನಮ್ಮ ಎಣಕ್ಕೆ ಒಂದು ಬೆಂಕಿಪೊಟ್ಣವೇನ್ಲಾ?" ಆವತ್ತು ನಾನು ಮುಂದಿನ ಪುಟಕ್ಕೆ ಹೋದೆ.

3

ಮಿಕ್ಕ ಪುಸ್ತಕಗಳ ಕಥೆಯನ್ನೂ ಹೇಳಬೇಕು. ಯಾಕೆಂದರೆ 'ಸಾಮಾನ್ಯ ಓದುಗ' ಅಂದ ಕೂಡಲೇ ಅಳುವವನು ಅಥವಾ ಸಿಟ್ಟಾಗುವವನು ಎಂಬ ಎರಡೇ ಚಿತ್ರ ನಮ್ಮ ಕಣ್ಣಿಗೆ ಬರುತ್ತವೆ. ದೊಡ್ಡಪ್ಪ ಎರಡನ್ನೂ ಮಾಡಲಿಲ್ಲ. ಅವನು ಹೋಲಿಸಿದ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಮುಗಿದ ಎರಡು ದಿನಕ್ಕೆ ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಶುರು ಮಾಡಿದೆ. ಅದರಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುವ ದೃಶ್ಯ ಬರುತ್ತದೆ. ಅವರಲ್ಲೊಬ್ಬ ಆ ಹುಡುಗನ ಅಪ್ಪ. ದೊಡ್ಡಪ್ಪ ಬೀಡಿ ಆರಿಸಿ ಹೇಳಿದ: "ಚೋಮನ ತಾವ ಎತ್ತಿದ್ವು, ಉಳಕ್ಕೆ ಭೂಮಿ ಇರ್ನಿಲ್ಲ. ಇಲ್ಲಿ ಉಳಕ್ಕೆ ಭೂಮಿ ಅದೆ, ಎತ್ತಿನ ಜಾಗದಾಗೆ ನಾವೇ ನಿಂತಿದೀವಿ. ಭೂಮಿ ಯಾರ್ದು ಅಂತ ಕೇಳು, ಎರಡೂ ಒಂದೇ ಕತೆ." ತೌಲನಿಕ ಅಧ್ಯಯನ ಅಂತ ನಾವು ಒಂದು ಪೇಪರು ಓದಿದ್ದೆವು. ಈ ಎರಡು ಕೃತಿಗಳ ನಡುವಿನ ಅರವತ್ತು ವರ್ಷದ ಅಂತರವನ್ನು ಇಷ್ಟು ಸಲೀಸಾಗಿ ದಾಟಿದ ಮಾತು ನನಗೆ ಅಲ್ಲಿ ಸಿಕ್ಕಿರಲಿಲ್ಲ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಮನೆಮಂದಿಯೆಲ್ಲ ರಾತ್ರಿ ಕೂತು ಕದ್ದ ಕಡಲೆಕಾಯಿ ತಿನ್ನುವ ಭಾಗಕ್ಕೆ ಇಡೀ ಜಗುಲಿ ನಕ್ಕಿತು. ಮಕ್ಕಳು ನಮಗೂ ಬೇಕು ಅಂದವು. ಪೊಲೀಸರು ಬರುವಲ್ಲಿ ನಗು ನಿಂತಿತು. ಆ ಮೌನದಲ್ಲಿ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಸಿಪ್ಪೆ ಏನ್ ಮಾಡಿದ್ರು?" ತೋಟದಲ್ಲಿ ಬಿದ್ದ ಕಾಯಿ ಎತ್ತಿಕೊಂಡ ಎಂಬ ಅನುಮಾನ ಹೊತ್ತು ಊರ ಮುಂದೆ ನಿಂತವನಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಹಸಿವು, ಪ್ರತಿಭಟನೆ, ಜೀವನಪ್ರೀತಿ ಅಂತೆಲ್ಲ ನಾನು ಉತ್ತರಪತ್ರಿಕೆಯಲ್ಲಿ ಬರೆದಿದ್ದೆ. ಸಿಪ್ಪೆಯ ಬಗ್ಗೆ ಯೋಚಿಸಿರಲಿಲ್ಲ.

'ಶರಪಂಜರ'ವನ್ನು ನಾನು ಓದಲಿಲ್ಲ, ಚಿಗವ್ವನೇ ಓದಿದಳು. ಜನಪ್ರಿಯ ಕಾದಂಬರಿ ಅಂತ ನನಗೆ ಒಳಗೊಳಗೇ ಅಸಡ್ಡೆ. ಹುಚ್ಚು ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ನಂಬುವುದಿಲ್ಲ. ಚಿಗವ್ವ ಪುಸ್ತಕ ಮಡಚಿ ಹೇಳಿದಳು: "ಅವ್ಳಿಗೆ ವಾಸಿಯಾಗಿತ್ತು, ಮನೆಯವ್ರಿಗೆ ವಾಸಿಯಾಗ್ಲಿಲ್ಲ." ಆಮೇಲೆ ತಾನೇ ಸೇರಿಸಿದಳು: "ನಮ್ಗೆ ಅಂಗಾದ್ರೆ ಆಸ್ಪತ್ರೆ ಎಲ್ಲಿ ಬತ್ತದೆ, ಕೂಲಿ ತಪ್ತದೆ ಅಷ್ಟೆ." ಮೊದಲ ಮಾತು ಹೆಣ್ಣಾಗಿ ಆಡಿದ್ದು, ಎರಡನೆಯದು ಹಟ್ಟಿಯ ಹೆಣ್ಣಾಗಿ. ಎರಡರ ನಡುವೆ ಅವಳಿಗೆ ಯಾವ ಜಗಳವೂ ಕಾಣಲಿಲ್ಲ.

4

ಇಲ್ಲಿ ಒಂದು ಕಾಕತಾಳೀಯವನ್ನು ಹೇಳಲೇಬೇಕು. ಕನ್ನಡದಲ್ಲಿ ಸಹೃದಯನ ಪರಿಕಲ್ಪನೆಯನ್ನು ನಮಗೆಲ್ಲ ಕಲಿಸಿದ ಪುಸ್ತಕ 'ಭಾರತೀಯ ಕಾವ್ಯಮೀಮಾಂಸೆ'. ಅದನ್ನು ಬರೆದ ತೀ.ನಂ. ಶ್ರೀಕಂಠಯ್ಯನವರು (1906–1966) ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರೇ. ಅವರ ಹೆಸರಿನ ಮೊದಲ ಅಕ್ಷರ ತೀರ್ಥಪುರದ್ದು. ಅದೇ ತಾಲ್ಲೂಕಿನ ಒಂದು ಜಗುಲಿಯ ಮೇಲೆ ಕೂತ ನನ್ನ ಅವ್ವ ಸಹೃದಯಳೇ? ಇದು ಕೊಂಕಿನ ಪ್ರಶ್ನೆಯಲ್ಲ. ಆ ಪುಸ್ತಕದ ಋಣ ನನ್ನ ಮೇಲಿದೆ.

ಅಭಿನವಗುಪ್ತ ಹೇಳುವ ಸಹೃದಯನಿಗೆ ಕಾವ್ಯದ ಸತತ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ತಿಳಿಯಾಗಿರಬೇಕು, ವರ್ಣಿಸಿದ ವಸ್ತುವಿನಲ್ಲಿ ತನ್ಮಯನಾಗುವ ಶಕ್ತಿ ಇರಬೇಕು. ಅಭ್ಯಾಸ ಅಂದರೆ ಯಾವ ಅಭ್ಯಾಸ? ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಅಂತ ತಿಳಿಯಲು ದೊಡ್ಡಪ್ಪ ಕಾಯಿ ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಶಕುನಿಯ ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಅವನು ಕಿವಿಯಿಂದಲೇ ಕಲಿತವನು. ಅವನಿಗೆ ಅಭ್ಯಾಸವಿಲ್ಲ ಎನ್ನುವವರು ಕಣ್ಣಿನ ಅಭ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ.

ತೊಡಕು ಇನ್ನೊಂದು ಕಡೆ ಇದೆ. ರಸಾನುಭವಕ್ಕೆ ಅಡ್ಡಿಯಾಗುವ ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದನ್ನೂ ಸೇರಿಸುತ್ತಾನೆ. ಮಾತು ಸರಿಯಾದದ್ದೇ. ಹಲ್ಲುನೋವಿನವನು ನಾಟಕ ನೋಡಲಾರ. ಆದರೆ ನೋವು ಒಬ್ಬನ ಹಲ್ಲಿನದಲ್ಲದೆ ಒಂದು ಹಟ್ಟಿಯದೇ ಆಗಿದ್ದರೆ? ಅದನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಾ ಅನ್ನುವುದು, ಚಪ್ಪಲಿ ಬಿಟ್ಟು ಒಳಗೆ ಬಾ ಅಂದಷ್ಟು ಸರಳವಲ್ಲ. ಅವ್ವನ ವಿಷಯದಲ್ಲಿ ಸ್ವಂತ ದುಃಖ ವಿಘ್ನವಾಗಲಿಲ್ಲ. ಆ ದುಃಖದಿಂದಲೇ ಅವಳು ನಂಜಮ್ಮನ ದುಃಖದೊಳಗೆ ಹೋದಳು, ಅದೇ ದುಃಖದಿಂದಲೇ ಹೊರಗೆ ಬಂದು ಲೆಕ್ಕ ಕೇಳಿದಳು. ಕೇಳಿದ ಮೇಲೂ ಮಾರನೇ ದಿನ "ಓದ್ಲಾ, ಆ ಕೂಸು ವಿಶ್ವ ಏನಾದ" ಅಂದಳು. ಪುಸ್ತಕ ಅವಳ ಪಾಲಿಗೆ ಕೆಟ್ಟುಹೋಗಿರಲಿಲ್ಲ.

5

ಇಷ್ಟು ಹೇಳಿ ಹಟ್ಟಿಯ ಓದುಗರೇ ಸರಿ, ವಿದ್ವಾಂಸರೆಲ್ಲ ತಪ್ಪು ಎಂದು ತೀರ್ಮಾನ ಕೊಟ್ಟರೆ ಅದು ಇನ್ನೊಂದು ಮೋಸ. ದೇವನೂರರ 'ಕುಸುಮಬಾಲೆ' ನಮ್ಮ ಜಗುಲಿಯಲ್ಲಿ ನಾಲ್ಕು ಪುಟ ದಾಟಲಿಲ್ಲ. "ಇದು ನಮ್ಮೋರ ಮಾತು, ಆದ್ರೆ ನಮ್ಮ ಕಡೆ ಮಾತಲ್ಲ" ಅಂದ ದೊಡ್ಡಪ್ಪ. ನಂಜನಗೂಡು ಕಡೆಯ ನುಡಿ ತೆಂಗಿನ ಸೀಮೆಯ ಕಿವಿಗೆ ಕೂಡಲೇ ಹತ್ತಲಿಲ್ಲ. ಅದು ಕೃತಿಯ ಸೋಲಲ್ಲ, ಕೇಳಿದವರ ಸೋಲೂ ಅಲ್ಲ. ದಲಿತ ಓದುಗ ಎಂಬ ಒಬ್ಬನೇ ಮನುಷ್ಯ ಎಲ್ಲೂ ಇಲ್ಲ ಎಂಬುದಕ್ಕೆ ಸಾಕ್ಷಿ, ಅಷ್ಟೆ. ಸೀಮೆ ಬೇರೆ, ಒಳಜಾತಿ ಬೇರೆ, ಗಂಡು ಹೆಣ್ಣು ಬೇರೆ. ಚಿಗವ್ವ ಕಾವೇರಿಗಾಗಿ ಮರುಗಿದಾಗ ಹಟ್ಟಿಯ ಗಂಡಸರು ಎದ್ದು ಹೋದದ್ದನ್ನೂ ನಾನು ಬರೆಯಬೇಕಲ್ಲವೇ?

ಓದುಗನ ತೀರ್ಪನ್ನು ವಿಮರ್ಶೆಯೆಂದು ಕೇಳಿಸಿಕೊಳ್ಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಉದಾಹರಣೆಯಿದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಮಂತ್ರಿಯಾಗಿದ್ದರೂ ಅದು ಒಬ್ಬ ದಲಿತ ಓದುಗನ ಪ್ರತಿಕ್ರಿಯೆ. ಯಾವ ಸಾಹಿತ್ಯ, ಯಾಕೆ ಬೂಸಾ ಅಂತ ಕೂತು ಕೇಳಬಹುದಿತ್ತು. ಬದಲಿಗೆ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಮುಂದೆ ದಲಿತ ಚಳುವಳಿ, ದಲಿತ ಸಾಹಿತ್ಯ ಎರಡಕ್ಕೂ ಅದರಿಂದ ಕಾವು ಬಂತು ಎಂಬುದು ನಿಜ. ಆದರೆ ಆ ಮಾತಿಗೆ ಸಲ್ಲಬೇಕಾಗಿದ್ದ ಸಾಹಿತ್ಯಿಕ ಉತ್ತರ ಇನ್ನೂ ಬಾಕಿ ಇದೆ. ಈ ಕಥೆಯನ್ನು ಜಗುಲಿಯಲ್ಲಿ ಹೇಳಿದಾಗ ದೊಡ್ಡಪ್ಪ, "ಬೂಸಾ ಅಂದ್ರೆ ಬೈಗುಳ ಯಂಗಾಯ್ತದೆ? ಬೂಸಾ ಆಕಿದ್ರಲ್ವೇನ್ಲಾ ಅಸ ಆಲು ಕೊಡೋದು" ಅಂದು ಎಲ್ಲರನ್ನೂ ನಗಿಸಿದ. ಆ ನಗುವಿನಲ್ಲಿ ಬಸವಲಿಂಗಪ್ಪನವರ ಮೇಲೂ ಸಣ್ಣ ತಕರಾರಿತ್ತು, ಸಿಟ್ಟಾದವರ ಮೇಲೂ ಇತ್ತು.

ದಲಿತ ವಿಮರ್ಶೆ ಇದುವರೆಗೆ ಮುಖ್ಯವಾಗಿ ಎರಡು ಕೆಲಸ ಮಾಡಿದೆ. ದಲಿತ ಲೇಖಕರನ್ನು ಪಠ್ಯದೊಳಗೆ ತಂದಿದೆ. ದಲಿತೇತರರ ಕೃತಿಗಳಲ್ಲಿ ನಮ್ಮ ಚಿತ್ರ ಹೇಗಿದೆ ಎಂದು ಪರೀಕ್ಷಿಸಿದೆ. ಎರಡೂ ಆಗಲೇಬೇಕಾಗಿದ್ದ ಕೆಲಸ. ಆದರೆ ಎರಡರಲ್ಲೂ ಪುಸ್ತಕ ಹಿಡಿದು ಕೂತಿರುವವನು ಮೇಷ್ಟ್ರು. ಮೂರನೆಯ ಕೆಲಸ ಉಳಿದಿದೆ. ಒಂದು ಕೃತಿಯನ್ನು ಕೇಳುವಾಗ ಹಟ್ಟಿಯ ಜನ ಎಲ್ಲಿ ಅತ್ತರು, ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ ತಡೆದು ಲೆಕ್ಕ ಕೇಳಿದರು ಎಂಬುದನ್ನು ಕೃತಿಯ ಅರ್ಥದ ಭಾಗವೆಂದೇ ದಾಖಲಿಸುವುದು. ಬರೀ ಅಳುವನ್ನು ದಾಖಲಿಸಿದರೆ ನಮ್ಮ ಜನ ಮುಗ್ಧರಾಗಿಬಿಡುತ್ತಾರೆ, ಬರೀ ಲೆಕ್ಕವನ್ನು ದಾಖಲಿಸಿದರೆ ಪುಸ್ತಕದ ರುಚಿ ಗೊತ್ತಿಲ್ಲದವರಾಗಿಬಿಡುತ್ತಾರೆ. ಅವರು ಎರಡೂ ಅಲ್ಲ.

6

ಆ ಹುಡುಗನ ಅಂಕ ರಿಜಿಸ್ಟರಿಗೆ ಏರಿಬಿಟ್ಟಿತ್ತು, ತಿದ್ದಲಾಗಲಿಲ್ಲ. ಅವನನ್ನು ಸ್ಟಾಫ್ ರೂಮಿಗೆ ಕರೆದು ತಪ್ಪು ನನ್ನದು ಅಂದೆ. "ಇರ್ಲಿ ಬಿಡಿ ಸಾರ್" ಅಂತ ತಲೆ ತಗ್ಗಿಸಿಕೊಂಡು ಹೋದ. ಮುಂದಿನ ಪರೀಕ್ಷೆಯಲ್ಲಿ ಅವನೂ ಗೈಡಿನ ಉತ್ತರವನ್ನೇ ಬರೆದಿದ್ದ. ಅದಕ್ಕೆ ಹತ್ತಕ್ಕೆ ಎಂಟು ಕೊಡಬೇಕಾಯಿತು. ನನಗೆ ಆ ಎಂಟು ಅಂಕ ಮೊದಲಿನ ಮೂರಕ್ಕಿಂತ ಹೆಚ್ಚು ನೋವು ಕೊಟ್ಟಿದೆ.

ಈಗ 'ಸಂಸ್ಕಾರ' ಪಾಠ ಮಾಡುವಾಗ ಆ ಗುಡಿಸಲು ಸುಡುವ ಭಾಗವನ್ನು ನಾನೇ ಗಟ್ಟಿಯಾಗಿ ಓದಿ ನಿಲ್ಲಿಸುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುತ್ತಾರೆ. ಅವ್ವ ಕೇಳಿದ್ದನ್ನೇ ಕೇಳುತ್ತಾರೆ. ಈ ಸಲ ನಾನು ಮುಂದಿನ ಪುಟಕ್ಕೆ ಹೋಗುವುದಿಲ್ಲ.